ಸಂಬಳ ಏರಿಸಬೇಡಿ ಸಾರ್!

ಪೀಣ್ಯದಲ್ಲಿ ಹದಿನಾಲ್ಕು ಜನರ ವರ್ಕ್‌ಶಾಪ್ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: 'ಮಾಲೀಕರು ಕೆಲಸಗಾರರಿಗೆಲ್ಲ ಆರೋಗ್ಯ ವಿಮೆ ಕೊಡಲೇಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿರಿ. ಇಎಸ್‌ಐ (ಸರ್ಕಾರದ ಕಾರ್ಮಿಕರ ವಿಮೆ) ಕಟ್ಟುತ್ತಲೇ ಇದ್ದೇವೆ, ಇನ್ನೊಂದು ಹೊರೆ ಯಾಕೆ? ಹುಡುಗರಿಗೆ ಬೇಕಾಗಿರುವುದು ವಿಮೆ ಅಲ್ಲ, ಕೈಗೆ ದುಡ್ಡು. ಕಷ್ಟ ಬಂದರೆ ನಾವೇ ನೋಡಿಕೊಳ್ಳುತ್ತೇವೆ. ಮೊನ್ನೆ ಲೇತ್ ಆಪರೇಟರ್‌ಗೆ ಐನೂರು ಏರಿಸಲು ಹೋದರೆ, ಇಎಸ್‌ಐ ಹೋಗುತ್ತೆ, ಏರಿಸಬೇಡಿ ಸಾರ್ ಅಂದ. ಇದು ನಿಮ್ಮ ಕಾನೂನು!'

ಸ್ವಾಮಿ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಒಂದು ಸಾಲಿನಲ್ಲಿ ಹುಡುಗರಿಗೆ ಕೈಗೆ ದುಡ್ಡು ಬೇಕು ಅಂತೀರಿ, ಎರಡು ಸಾಲು ಕೆಳಗೆ ಒಬ್ಬ ಹುಡುಗ ಕೈಗೆ ಬರುವ ದುಡ್ಡನ್ನೇ ಬೇಡ ಅಂದಿದ್ದಾನೆ. ಅವನು ಲೆಕ್ಕ ಹಾಕಿದ್ದಾನೆ. ತಿಂಗಳ ಸಂಬಳ 21,000 ರೂಪಾಯಿ ದಾಟಿದವರಿಗೆ ಇಎಸ್‌ಐ ಇಲ್ಲ ಅನ್ನುವ ಮಿತಿ 2017ರ ಜನವರಿಯಲ್ಲಿ ಬಂದದ್ದು. ಅದನ್ನು ದಾಟಿದರೆ ತನ್ನ, ಹೆಂಡತಿ ಮಕ್ಕಳ, ತನ್ನನ್ನೇ ನಂಬಿದ ಅಪ್ಪ ಅಮ್ಮನ ಚಿಕಿತ್ಸೆ ಹೋಗುತ್ತದೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಿಗುವ ಶೇ 70ರಷ್ಟು ಕೂಲಿಯೂ ಹೋಗುತ್ತದೆ. ಐನೂರಕ್ಕೆ ಇಷ್ಟನ್ನು ಯಾರು ಮಾರುತ್ತಾರೆ?

ಇನ್ನು 'ನಾವೇ ನೋಡಿಕೊಳ್ಳುತ್ತೇವೆ' ಅನ್ನುವ ಮಾತು. ಈ ಕೆಲಸಕ್ಕೆ ಬರುವ ಮುಂಚೆ ನಾನು ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಬೈಂಡಿಂಗ್ ಮಾಡುವವರೊಬ್ಬರಿಗೆ ಹೊಟ್ಟೆ ಆಪರೇಷನ್ ಆದಾಗ ಮಾಲೀಕರು ಪೂರ್ತಿ ಬಿಲ್ ಕೊಟ್ಟರು, ಆಸ್ಪತ್ರೆಗೂ ಹೋಗಿ ಬಂದರು. ಮರುವರ್ಷ ಮಷಿನ್‌ಮ್ಯಾನ್‌ಗೆ ಕಾಮಾಲೆ. ಅವನು ಓವರ್‌ಟೈಮ್ ವಿಷಯಕ್ಕೆ ಜಗಳ ಮಾಡಿದ್ದವನು. ಅವನಿಗೆ ಸಿಕ್ಕಿದ್ದು ಒಂದು ತಿಂಗಳ ಅಡ್ವಾನ್ಸ್, ಅದೂ ಸಂಬಳದಲ್ಲಿ ಮುರಿದುಕೊಂಡದ್ದು. ಮಾಲೀಕರು ಕೆಟ್ಟವರೇನಲ್ಲ, ಅಲ್ವಾ? ಆದರೂ ಯಕೃತ್ತಿನ ಆರೋಗ್ಯ ಮಾಲೀಕರ ಮೂಡಿನ ಮೇಲೆ ನಿಂತಿತ್ತು.

ಕಡ್ಡಾಯ ಯಾಕೆ ಅಂದರೆ, ನೀವೊಬ್ಬರೇ ಒಳ್ಳೆಯವರಾದರೆ ನಿಮಗೇ ನಷ್ಟ. ಪಕ್ಕದ ಶೆಡ್ಡಿನವರು ಏನೂ ಕಟ್ಟದೆ ಜಾಬ್‌ವರ್ಕ್ ಕೊಟೇಶನ್‌ನಲ್ಲಿ ಪೀಸಿಗೆ ಹತ್ತು ಪೈಸೆ ಕಮ್ಮಿ ಹಾಕಿದರೆ ಆರ್ಡರ್ ಅವರಿಗೇ ಹೋಗುತ್ತದೆ. ಎಲ್ಲರೂ ಕಟ್ಟಬೇಕು ಅಂದಾಗಲೇ ಆ ಹತ್ತು ಪೈಸೆ ಎಲ್ಲರ ರೇಟಿಗೂ ಸೇರುವುದು.

ಒಂದು ಮಾತು ಮಾತ್ರ ನಿಮ್ಮದೇ ಸರಿ. ಸುಮ್ನೆ 'ವಿಮೆ ಕೊಡಿ' ಅಂತ ಬರೆದದ್ದು ನಮ್ಮ ತಪ್ಪು. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಸಡಿಲಿಸುವಾಗ ಕೇಂದ್ರ ಗೃಹ ಸಚಿವಾಲಯದ ಆದೇಶದಲ್ಲೂ ಕೆಲಸಗಾರರಿಗೆ ವೈದ್ಯಕೀಯ ವಿಮೆ ಕಡ್ಡಾಯ ಅಂತ ಒಂದು ಸಾಲು ಇತ್ತು. ಎಷ್ಟರ ವಿಮೆ, ಮನೆಯವರಿಗೂ ಉಂಟಾ, ಅದರಲ್ಲಿ ಇರಲಿಲ್ಲ. ಹದಿನಾಲ್ಕು ಜನಕ್ಕೆ ಖಾಸಗಿ ಗ್ರೂಪ್ ಪಾಲಿಸಿ ಮಾಡಿಸಿ, ಅದರಲ್ಲಿ ಒಬ್ಬರಿಗೆ ಡಯಾಲಿಸಿಸ್ ಶುರುವಾದರೆ ಮುಂದಿನ ವರ್ಷದ ಪ್ರೀಮಿಯಂ ನೋಡಿ ನೀವು ಕುರ್ಚಿ ಹಿಡಿದುಕೊಳ್ಳಬೇಕಾಗುತ್ತದೆ. ಅಂಥ ಪಾಲಿಸಿ ಮಲಗಿದ ದಿನಗಳ ಕೂಲಿಯನ್ನೂ ಕೊಡುವುದಿಲ್ಲ.

ಹಾಗಾಗಿ ನನ್ನ ವಾದವನ್ನು ತಿದ್ದಿಕೊಳ್ಳುತ್ತೇನೆ: ಹೊಸ ಪಾಲಿಸಿ ಬೇಡ, ಇಎಸ್‌ಐ ಮಿತಿ ಏರಲಿ. 25,000 ಸಂಬಳಕ್ಕೆ ಶೇ 3.25ರಂತೆ ನಿಮ್ಮ ಪಾಲು 812 ರೂಪಾಯಿ 50 ಪೈಸೆ, ಶೇ 0.75ರಂತೆ ಅವನದು 187 ರೂಪಾಯಿ 50 ಪೈಸೆ. ಕೂಡಿದರೆ ಸಾವಿರ. (2019ರ ಜುಲೈನಲ್ಲಿ ನಿಮ್ಮ ಪಾಲು ಶೇ 4.75ರಿಂದ ಇಳಿದದ್ದನ್ನು ಪತ್ರದಲ್ಲಿ ಹೇಳಲಿಲ್ಲ ನೀವು!) ಡಿಸ್ಪೆನ್ಸರಿ ಕ್ಯೂ, ಔಷಧ ಸಿಗದಿರುವುದು ಎಲ್ಲ ನನಗೂ ಗೊತ್ತು. ಅದಕ್ಕೆ ಬೇರೆ ಜಗಳ ಮಾಡೋಣ.

ನಿಮ್ಮ ಆಪರೇಟರ್ ವಿಷಯ. ಇಎಸ್‌ಐ ವಂತಿಗೆಯ ಲೆಕ್ಕ ಏಪ್ರಿಲ್‌ನಿಂದ, ಅಕ್ಟೋಬರ್‌ನಿಂದ ಅಂತ ಆರಾರು ತಿಂಗಳಿನದು. ಏಪ್ರಿಲ್ ಅಥವಾ ಅಕ್ಟೋಬರ್ ಮೊದಲ ದಿನದಿಂದಲೇ ಸಂಬಳ ಮಿತಿ ದಾಟಿದರೆ ಅವನ ವಂತಿಗೆ ಅಲ್ಲಿಗೇ ನಿಲ್ಲುತ್ತದೆ. ಮೇನಲ್ಲಿ ಏರಿಸಿದರೆ ಸೆಪ್ಟೆಂಬರ್ ಕೊನೆವರೆಗೂ ಪೂರ್ತಿ ಸಂಬಳದ ಮೇಲೆ ಇಬ್ಬರೂ ಕಟ್ಟುತ್ತೀರಿ, ಆ ಆರು ತಿಂಗಳ ವಂತಿಗೆಯ ಮೇಲೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಅವನಿಗೆ ಸೌಲಭ್ಯ ಇರುತ್ತದೆ. ಅವನನ್ನು ಕೂರಿಸಿಕೊಂಡು ಹೇಳಿ. ಹಾಗೇ ಅವನ ಮನೆಯವರ ಹೆಸರೆಲ್ಲ ಇಎಸ್‌ಐನಲ್ಲಿ ಸೇರಿದೆಯಾ ಅಂತಲೂ ಒಮ್ಮೆ ನೋಡಿಬಿಡಿ.