ವಾಹನ ಪ್ರಶ್ನೋತ್ತರ: ಜಾಗ್ವಾರ್ ಎಫ್-ಟೈಪ್ ವಿ6 ಎಸ್ ಒಡಲೊಳಗೆ

ಕಳೆದ ಸಂಚಿಕೆಯಲ್ಲಿ ಛಾವಣಿ ಮಡಚಬಹುದಾದ ಜಾಗ್ವಾರ್ ಎಫ್-ಟೈಪ್ ಕನ್ವರ್ಟಿಬಲ್ ಕುರಿತು ಒಂದು ಪುಟ್ಟ ಟಿಪ್ಪಣಿ ಬರೆದಿದ್ದೆ. 2008ರಿಂದ ಟಾಟಾ ಸಮೂಹದ ಒಡೆತನದಲ್ಲಿರುವ ಈ ಬ್ರಿಟಿಷ್ ಸಂಸ್ಥೆ 2012ರ ಪ್ಯಾರಿಸ್ ಮೋಟಾರ್ ಪ್ರದರ್ಶನದಲ್ಲಿ ಆ ಕಾರನ್ನು ಅನಾವರಣಗೊಳಿಸಿ, ಮರುವರ್ಷ ಮೂರು ಮಾದರಿಗಳಲ್ಲಿ ಮಾರುಕಟ್ಟೆಗೆ ತಂದಿತು: 340 ಅಶ್ವಶಕ್ತಿಯ ವಿ6 (ವಿ ಆಕಾರದಲ್ಲಿ ಎರಡು ಸಾಲಾಗಿ ನಿಂತ ಆರು ಸಿಲಿಂಡರುಗಳ ಎಂಜಿನ್; ವಿ8 ಎಂದರೆ ಎಂಟು), 380 ಅಶ್ವಶಕ್ತಿಯ ವಿ6 ಎಸ್ ಮತ್ತು 495 ಅಶ್ವಶಕ್ತಿಯ ವಿ8 ಎಸ್. ಈ ಮೂರರಲ್ಲಿ ನಡುವಿನದೇ ಹೆಚ್ಚು ಹದವಾದ ಕಾರು ಎಂದು ನಾನು ಹೇಳಿದ್ದೆ. ಆ ಮಾತನ್ನು ಹಿಡಿದು ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಇಂದು ಎಲ್ಲರೂ ಟರ್ಬೊ ಬಳಸುತ್ತಿರುವಾಗ ಜಾಗ್ವಾರ್ ಸೂಪರ್‌ಚಾರ್ಜರ್ ಆರಿಸಿಕೊಂಡದ್ದೇಕೆ? ಎರಡಕ್ಕೂ ಇರುವ ವ್ಯತ್ಯಾಸವೇನು?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಕುಲುಮೆಯಲ್ಲಿ ತಿದಿಯೊತ್ತುವುದನ್ನು ಕಂಡವರಿಗೆ ಇದರ ತತ್ವ ಹೊಸದಲ್ಲ. ಗಾಳಿ ಹೆಚ್ಚು ಸಿಕ್ಕಷ್ಟೂ ಇದ್ದಿಲು ಜೋರಾಗಿ ಉರಿಯುತ್ತದೆ. ಎಂಜಿನ್ನಿನಲ್ಲಿಯೂ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಿದರೆ ಅದಕ್ಕೆ ತಕ್ಕಷ್ಟು ಹೆಚ್ಚು ಪೆಟ್ರೋಲನ್ನು ಸುಡಬಹುದು. ತಿದಿಯನ್ನು ಒತ್ತುವವರು ಯಾರು ಎಂಬುದರಲ್ಲಿ ಮಾತ್ರ ಟರ್ಬೊಗೂ ಸೂಪರ್‌ಚಾರ್ಜರಿಗೂ ವ್ಯತ್ಯಾಸವಿದೆ. ಟರ್ಬೊ ಹೊರಹೋಗುವ ಹೊಗೆಯ ವೇಗದಿಂದ ತಿರುಗುತ್ತದೆ. ಆದ್ದರಿಂದ ವ್ಯರ್ಥವಾಗಬೇಕಿದ್ದ ಶಕ್ತಿಯ ಒಂದು ಪಾಲು ಉಪಯೋಗಕ್ಕೆ ಬರುತ್ತದೆ, ಆದರೆ ಹೊಗೆಯ ಹರಿವು ಏರಿ ಚಕ್ರ ವೇಗ ಪಡೆಯುವವರೆಗೆ ಒಂದಿಷ್ಟು ಕಾಯಬೇಕಾಗುತ್ತದೆ. ಸೂಪರ್‌ಚಾರ್ಜರ್ ಕ್ರ್ಯಾಂಕ್‌ಶಾಫ್ಟಿಗೆ (ಎಂಜಿನ್ನಿನ ಮುಖ್ಯ ತಿರುಗುದಂಡಕ್ಕೆ) ಬೆಲ್ಟ್ ಮೂಲಕ ನೇರವಾಗಿ ಜೋಡಿಸಿರುವುದರಿಂದ ಎಂಜಿನ್ ತಿರುಗಿದಷ್ಟೂ ತಾನೂ ತಿರುಗುತ್ತದೆ, ಕಾಯುವ ಮಾತೇ ಇಲ್ಲ. ಆದರೆ ತನ್ನ ಕೂಲಿಯನ್ನು ಎಂಜಿನ್ನಿನಿಂದಲೇ ವಸೂಲು ಮಾಡುತ್ತದೆ.

ಈ ಕಾರಿನಲ್ಲಿರುವುದು ಈಟನ್ ಸಂಸ್ಥೆಯ ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್. ಇದನ್ನು ವಿ ಆಕಾರದ ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ ಕೂರಿಸಲಾಗಿದೆ. ಒಂದು ಕಾರ್ಯಾಗಾರದಲ್ಲಿ ಅಂಥದೊಂದನ್ನು ಬಿಚ್ಚಿ ಬೆಂಚಿನ ಮೇಲೆ ಇಟ್ಟಿದ್ದಾಗ ಅದರ ಪುಲ್ಲಿಯನ್ನು ನಾನು ಬೆರಳಿನಿಂದ ತಿರುಗಿಸಿ ನೋಡಿದ್ದೇನೆ. ಹಗ್ಗ ಹೊಸೆದಂತೆ ತಿರುಚಿದ, ನಾಲ್ಕು ನಾಲ್ಕು ಏಣುಗಳುಳ್ಳ ಎರಡು ರೋಟರುಗಳು ಒಂದರ ಸಂದಿನಲ್ಲಿ ಇನ್ನೊಂದು ಹೊಕ್ಕು ಹೊರಬರುತ್ತವೆ, ಆದರೆ ಎಲ್ಲಿಯೂ ಪರಸ್ಪರ ತಾಗುವುದಿಲ್ಲ. ತುದಿಯಲ್ಲಿರುವ ಹಲ್ಲುಚಕ್ರಗಳು ಆ ಕೂದಲೆಳೆಯ ಅಂತರವನ್ನು ಕಾಯುತ್ತವೆ. ರೋಟರುಗಳು ಗಾಳಿಯನ್ನು ತಮ್ಮೊಳಗೆ ಹಿಂಡುವುದಿಲ್ಲ, ಬೊಗಸೆಯಲ್ಲಿ ಎತ್ತಿ ಹಾಕಿದಂತೆ ಮುಂದಕ್ಕೆ ಸಾಗಿಸುತ್ತವೆ, ಅಷ್ಟೆ. ಎಂಜಿನ್ ನುಂಗುವುದಕ್ಕಿಂತ ಹೆಚ್ಚು ಗಾಳಿ ಬಂದು ಬೀಳುವುದರಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ ಒತ್ತಡ ತಾನಾಗಿ ಏರುತ್ತದೆ. ಒತ್ತಡದೊಡನೆ ಏರುವ ಶಾಖವನ್ನು ಇಳಿಸಲು ನೀರು ಹರಿಯುವ ಇಂಟರ್‌ಕೂಲರುಗಳಿವೆ. ನಿಧಾನವಾಗಿ ಸಾಗುವಾಗ ಒಂದು ಬೈಪಾಸ್ ಕವಾಟ ತೆರೆದುಕೊಂಡು ಹೆಚ್ಚುವರಿ ಗಾಳಿಯನ್ನು ಹಿಂದಕ್ಕೆ ತಿರುಗಿಸುವುದರಿಂದ ಬೆಲ್ಟಿನ ಮೇಲಿನ ಹೊರೆಯೂ ತಗ್ಗುತ್ತದೆ.

ಕುಲುಮೆಯ ಹೋಲಿಕೆಯನ್ನು ನಾನು ಸುಮ್ಮನೆ ತಂದದ್ದಲ್ಲ. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಈ ಯಂತ್ರ ಕಾರು ಹುಟ್ಟುವ ಮೊದಲೇ ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಗಾಳಿ ಊದುತ್ತಿತ್ತು.

ಜಾಗ್ವಾರ್ ಇದನ್ನೇ ಆರಿಸಿಕೊಂಡದ್ದರಲ್ಲಿ ಪರಂಪರೆಯ ಪಾಲೂ ಇದೆ. 1990ರ ದಶಕದ ಎಕ್ಸ್‌ಜೆಆರ್ ಮತ್ತು ಎಕ್ಸ್‌ಕೆಆರ್ ಕಾಲದಿಂದಲೂ ಅದರ ವೇಗದ ಕಾರುಗಳಿಗೆ ಸೂಪರ್‌ಚಾರ್ಜರೇ ಉಸಿರು. ಪರಂಪರೆಗಿಂತಲೂ ಮುಖ್ಯವಾದದ್ದು, ನನ್ನ ಮಟ್ಟಿಗೆ, ಪೆಡಲಿನ ಮಾತಿಗೆ ಎಂಜಿನ್ ತಡಮಾಡದೆ ಓಗೊಡುವ ಗುಣ. ತಿರುವಿನ ನಡುವೆ ಕಾಲನ್ನು ಒಂದಿಷ್ಟೇ ಒತ್ತಿದರೆ ಒಂದಿಷ್ಟೇ ಬಲ ಬರಬೇಕು. ಸ್ಪೋರ್ಟ್ಸ್ ಕಾರಿನಲ್ಲಿ ಇದಕ್ಕೆ ಇರುವ ಬೆಲೆಯನ್ನು ಇಂಧನದ ಲೆಕ್ಕವೊಂದರಿಂದಲೇ ಅಳೆಯಲಾಗದು.

ಈ ವಿ6 ಎಂಜಿನ್ ನಿಜವಾಗಿ ವಿ8 ಎಂಜಿನ್ನಿನಿಂದ ಎರಡು ಸಿಲಿಂಡರ್ ತೆಗೆದು ಮಾಡಿದ್ದು ಎಂದು ಓದಿದೆ. ಇದು ನಿಜವೇ? ನಿಜವಾದರೆ ಅದು ಕಂಪಿಸುವುದಿಲ್ಲವೇ?
— ಓದುಗರು, ಮೈಸೂರು

ಉತ್ತರ: ನಿಜ, ಮತ್ತು ಈ ಕಾರಿನ ಅತ್ಯಂತ ಕುತೂಹಲಕರ ಸಂಗತಿಯೂ ಇದೇ. ವೇಲ್ಸ್‌ನ ಬ್ರಿಜೆಂಡ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ 5 ಲೀಟರ್ ವಿ8 ಎಂಜಿನ್ನಿನ ಅಲ್ಯೂಮಿನಿಯಂ ಬ್ಲಾಕನ್ನೇ ಆಧಾರವಾಗಿಟ್ಟುಕೊಂಡು, ಹಿಂಬದಿಯ ಎರಡು ಸಿಲಿಂಡರುಗಳ ಜಾಗವನ್ನು ಖಾಲಿ ಬಿಟ್ಟು ಈ ವಿ6 ಎಂಜಿನ್ನನ್ನು ರೂಪಿಸಲಾಯಿತು. ಹಾಗೆಂದು ಕೇವಲ ಎರಡನ್ನು ಮುಚ್ಚಿ ಕೈತೊಳೆದುಕೊಳ್ಳಲಿಲ್ಲ: ಬೋರ್ (ಸಿಲಿಂಡರಿನ ಒಳವ್ಯಾಸ) 92.5 ಮಿ.ಮೀ.ನಿಂದ 84.5ಕ್ಕೂ, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 93ರಿಂದ 89ಕ್ಕೂ ಇಳಿದು, ಒಟ್ಟು ಗಾತ್ರ 2,995 ಸಿಸಿ ಆಯಿತು.

ಕಂಪನದ ಕುರಿತು ನಿಮ್ಮ ಸಂದೇಹ ಸರಿಯಾದ ಜಾಗವನ್ನೇ ಮುಟ್ಟಿದೆ. ಎರಡು ಸಾಲುಗಳ ನಡುವೆ 90 ಡಿಗ್ರಿ ಕೋನವಿರುವುದು ಎಂಟು ಸಿಲಿಂಡರಿಗೆ ಹೇಳಿಮಾಡಿಸಿದಂತಿರುತ್ತದೆ. ಆರು ಸಿಲಿಂಡರಿಗೆ 60 ಡಿಗ್ರಿ ಹೆಚ್ಚು ಒಪ್ಪುತ್ತದೆ. 90 ಡಿಗ್ರಿಯ ವಿ6 ಎಂಜಿನ್ನಿನಲ್ಲಿ ಎದುರುಬದುರಿನ ಎರಡು ಪಿಸ್ಟನ್ನುಗಳು ತಿರುಗುದಂಡದ ಒಂದೇ ಕ್ರ್ಯಾಂಕ್ ಪಿನ್ (ಪಿಸ್ಟನ್ನಿನ ತೋಳು ಸೇರುವ ಗೂಟ) ಹಂಚಿಕೊಂಡರೆ ಸ್ಫೋಟಗಳ ನಡುವಿನ ಅಂತರ ಏರುಪೇರಾಗುತ್ತದೆ. ಆ ಪಿನ್ನುಗಳನ್ನು ಇಬ್ಭಾಗಿಸಿ 30 ಡಿಗ್ರಿ ಆಚೀಚೆ ಸರಿಸಿದಾಗ, ಪ್ರತಿ 120 ಡಿಗ್ರಿಗೊಮ್ಮೆ ಸಮನಾದ ಅಂತರದಲ್ಲಿ ಸ್ಫೋಟ ನಡೆಯುತ್ತದೆ. ಇಷ್ಟಾದ ಮೇಲೂ ಎಂಜಿನ್ ಮುಂದಕ್ಕೂ ಹಿಂದಕ್ಕೂ ತೊಟ್ಟಿಲಿನಂತೆ ತೂಗುವ ಒಂದು ಚಲನೆ ಉಳಿಯುತ್ತದೆ. ಅದನ್ನು ಅಡಗಿಸಲು ಕ್ರ್ಯಾಂಕಿನ ವಿರುದ್ಧ ದಿಕ್ಕಿನಲ್ಲಿ ತಿರುಗುವ ಸಮತೋಲನ ತೂಕಗಳನ್ನು ಮುಂದೆ ಮತ್ತು ಹಿಂದೆ ಅಳವಡಿಸಲಾಗಿದೆ.

ಇದು ವೆಚ್ಚ ಉಳಿಸಲು ಮಾಡಿಕೊಂಡ ರಾಜಿ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಎಂಜಿನ್ನಿನ ಉದ್ದ ಕಡಿಮೆಯಾಗಲಿಲ್ಲ, ತೂಕವೂ ಇಳಿಯಬಹುದಾದಷ್ಟು ಇಳಿಯಲಿಲ್ಲ. ಆದರೆ ರಾಜಿಯನ್ನು ಇಷ್ಟು ಶ್ರದ್ಧೆಯಿಂದ ನಿಭಾಯಿಸಿದ ಎಂಜಿನಿಯರುಗಳ ಕೆಲಸಕ್ಕೆ ನಾನು ತಲೆಬಾಗುತ್ತೇನೆ.

ವಿ8 ಇರುವಾಗ ನಡುವಿನದನ್ನು ಹದವಾದದ್ದು ಎಂದದ್ದು ಬೆಲೆಯ ಕಾರಣಕ್ಕೋ?
— ಓದುಗರು, ಶಿವಮೊಗ್ಗ

ಉತ್ತರ: ಬೆಲೆಯ ಕಾರಣಕ್ಕಲ್ಲ. ವಿ6 ಎಸ್ ತೂಕ 1,614 ಕೆ.ಜಿ., ವಿ8 ಎಸ್ ತೂಕ 1,665 ಕೆ.ಜಿ. ಶೂನ್ಯದಿಂದ ಗಂಟೆಗೆ 100 ಕಿ.ಮೀ. ವೇಗಕ್ಕೆ ಮೊದಲನೆಯದು 4.9 ಸೆಕೆಂಡಿನಲ್ಲಿ, ಎರಡನೆಯದು 4.3 ಸೆಕೆಂಡಿನಲ್ಲಿ ತಲುಪುತ್ತವೆ. ಅರ್ಧ ಸೆಕೆಂಡಿಗಿಂತ ತುಸು ಹೆಚ್ಚಾದ ಆ ಅಂತರಕ್ಕಾಗಿ 625 ನ್ಯೂಟನ್ ಮೀಟರ್ ತಿರುಗುಬಲವನ್ನು ಎರಡೇ ಹಿಂಚಕ್ರಗಳ ಮೇಲೆ ಹೇರಬೇಕಾಯಿತು. ಒದ್ದೆ ರಸ್ತೆಯಲ್ಲಿ ಅದು ಚಾಲಕನಿಂದ ಸದಾ ಎಚ್ಚರವನ್ನು ಬೇಡುತ್ತದೆ. ವಿ6 ಎಸ್ ನೀಡುವ 460 ನ್ಯೂಟನ್ ಮೀಟರ್ 3,500ರಿಂದ 5,000 ಆರ್‌ಪಿಎಂವರೆಗೆ ಸಮತಟ್ಟಾಗಿ ಹರಡಿಕೊಂಡಿದೆ. ಕೆಳಗಿನ ವಿ6 ಮಾದರಿಯಲ್ಲಿಲ್ಲದ ಯಾಂತ್ರಿಕ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದು ಹಿಂಚಕ್ರ ಜಾರಿದಾಗ ಇನ್ನೊಂದಕ್ಕೂ ಬಲ ಕಳಿಸುವ ಸಾಧನ) ಮತ್ತು ದೊಡ್ಡದಾದ 380 ಮಿ.ಮೀ. ಮುಂಬದಿಯ ಬ್ರೇಕ್ ಡಿಸ್ಕುಗಳು ಇದರಲ್ಲಿವೆ. ಟೈರಿನ ಹಿಡಿತಕ್ಕೂ ಎಂಜಿನ್ನಿನ ಬಲಕ್ಕೂ ಸರಿಸಮ ಹೊಂದಾಣಿಕೆ ಇರುವುದನ್ನೇ ನಾನು ಹದ ಎಂದದ್ದು.

ಮಡಿಕೇರಿಯಂಥ ಎತ್ತರದ ಊರಿನಲ್ಲಿ ಸೂಪರ್‌ಚಾರ್ಜರ್ ಇರುವ ಕಾರಿನ ಶಕ್ತಿ ಕುಗ್ಗುತ್ತದೆಯೇ?
— ಕಾಫಿ ಬೆಳೆಗಾರರು, ಕೊಡಗು

ಉತ್ತರ: ಕುಗ್ಗುತ್ತದೆ. ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿರುವ ನಿಮ್ಮಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ. 12ರಷ್ಟು ಕಡಿಮೆ. ಸೂಪರ್‌ಚಾರ್ಜರಿನ ವೇಗವನ್ನು ಪುಲ್ಲಿಯ ಅಳತೆ ಕಟ್ಟಿಹಾಕಿರುವುದರಿಂದ ಅದು ಪ್ರತಿ ಸುತ್ತಿಗೆ ಅಷ್ಟೇ ಬೊಗಸೆ ಗಾಳಿ ಎತ್ತುತ್ತದೆ. ಬೊಗಸೆಯಲ್ಲಿರುವ ಗಾಳಿಯೇ ತೆಳುವಾದರೆ ಅದೇನೂ ಮಾಡಲಾರದು. ಟರ್ಬೊ ಇಂಥಲ್ಲಿ ತುಸು ಹೆಚ್ಚು ವೇಗವಾಗಿ ತಿರುಗಿ ಕೊರತೆಯನ್ನು ತುಂಬಿಕೊಡಬಲ್ಲದು. ಘಟ್ಟದ ಜನಕ್ಕೆ ಟರ್ಬೊ ಹೆಚ್ಚು ಅನುಕೂಲ ಎಂಬುದನ್ನು ಒಪ್ಪಲೇಬೇಕು.

ಗಟ್ಟಿ ಛಾವಣಿ ಇಲ್ಲದ ಕಾರಿನ ದೇಹ ಸಡಿಲವಾಗುವುದಿಲ್ಲವೇ? ಅಲ್ಯೂಮಿನಿಯಂ ದೇಹ ಉಪ್ಪುಗಾಳಿಗೆ ತಾಳುತ್ತದೆಯೇ?
— ಓದುಗರು, ಮಂಗಳೂರು

ಉತ್ತರ: ಮುಚ್ಚಳವಿರುವ ರಟ್ಟಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿ, ಆಮೇಲೆ ಮುಚ್ಚಳ ಕತ್ತರಿಸಿ ತಿರುಚಿ ನೋಡಿ, ಛಾವಣಿಯ ಕೆಲಸವೇನೆಂದು ಕೈಗೇ ತಿಳಿಯುತ್ತದೆ. ಅನೇಕ ಕನ್ವರ್ಟಿಬಲ್‌ಗಳು ಮೊದಲು ಗಟ್ಟಿ ಛಾವಣಿಯ ಕೂಪೆಯಾಗಿ ಹುಟ್ಟಿ, ಆನಂತರ ಛಾವಣಿ ಕಳೆದುಕೊಂಡು, ಆ ನಷ್ಟಕ್ಕೆ ಪರಿಹಾರವಾಗಿ ತೂಕ ಹೊತ್ತುಕೊಂಡ ಕಾರುಗಳು. ಎಫ್-ಟೈಪ್ ಮಾತ್ರ ಮೊದಲು ಕನ್ವರ್ಟಿಬಲ್ ಆಗಿಯೇ ಮಾರುಕಟ್ಟೆಗೆ ಬಂದು, ಕೂಪೆ ಆಮೇಲೆ ಬಂದಿತು. ಆದ್ದರಿಂದ ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆಯಾಕಾರದ ತೊಲೆಗಳು, ಮುಂಗಾಜಿನ ಚೌಕಟ್ಟು ಇವೆಲ್ಲ ಆರಂಭದಿಂದಲೇ ಆ ಭಾರ ಹೊರುವಂತೆ ರೂಪುಗೊಂಡವು. ಹಾಗಿದ್ದರೂ ಕೂಪೆಯೇ ಹೆಚ್ಚು ಬಿಗಿ, ಅದರಲ್ಲಿ ಅನುಮಾನವಿಲ್ಲ. ಬಟ್ಟೆಯ ಛಾವಣಿ ಹಗುರವಾಗಿರುವುದರಿಂದ ಕಾರಿನ ಭಾರಕೇಂದ್ರ ಕೆಳಗೇ ಉಳಿಯುತ್ತದೆ. ಗಂಟೆಗೆ 50 ಕಿ.ಮೀ. ವೇಗದವರೆಗೆ ಚಲಿಸುತ್ತಿರುವಾಗಲೂ ಅದು 12 ಸೆಕೆಂಡಿನಲ್ಲಿ ಮಡಚಿಕೊಳ್ಳುತ್ತದೆ.

ಅಲ್ಯೂಮಿನಿಯಂ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಆದರೆ ಅಲ್ಯೂಮಿನಿಯಂ ಹಾಳೆಗಳನ್ನು ಹಿಡಿದಿಡುವ ರಿವೆಟ್ಟುಗಳು ಉಕ್ಕಿನವು, ಮತ್ತು ಎರಡು ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಅದಕ್ಕಾಗಿಯೇ ರಿವೆಟ್ಟಿಗೆ ಲೇಪನವಿರುತ್ತದೆ, ಹಾಳೆಗಳ ನಡುವೆ ಅಂಟು ಇರುತ್ತದೆ. ಅಪಘಾತದ ನಂತರ ಸಾಮಾನ್ಯ ಗ್ಯಾರೇಜಿನಲ್ಲಿ ಸಿಕ್ಕಿದ ಬೋಲ್ಟ್ ಹಾಕಿ ದುರಸ್ತಿ ಮಾಡಿಸುವುದು ಕರಾವಳಿಯಲ್ಲಿ ಬಹಳ ಅಪಾಯಕಾರಿ.

ನಾನು ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿರುವ ಕನ್ನಡಿಗ. ಇಲ್ಲಿ ಬಳಸಿದ ವಿ6 ಎಸ್ ಕೊಳ್ಳಬೇಕೆಂದಿದ್ದೇನೆ. ಏನನ್ನು ಗಮನಿಸಬೇಕು?

ಉತ್ತರ: ನೀವು ಆ ಕಾರಿನ ತವರಿನಲ್ಲೇ ಇದ್ದೀರಿ, ಎಫ್-ಟೈಪ್ ತಯಾರಾದದ್ದು ನಿಮ್ಮೂರಿನ ಕ್ಯಾಸಲ್ ಬ್ರಾಮ್‌ವಿಚ್ ಕಾರ್ಖಾನೆಯಲ್ಲಿ, ಎರಡನೇ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ವಿಮಾನಗಳನ್ನು ಕಟ್ಟಿದ ಜಾಗದಲ್ಲಿ.

ಎಂಜಿನ್ ರಾತ್ರಿಯಿಡೀ ತಣ್ಣಗಿದ್ದಾಗ ಬೆಳಿಗ್ಗೆ ಹೋಗಿ ಮೊದಲ ಸಲ ಚಾಲೂ ಮಾಡಿಸಿ. ಬಿಸಿಯಾದ ಮೇಲೆ ಬಾನೆಟ್ ತೆರೆದು, ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಸೂಪರ್‌ಚಾರ್ಜರಿನ ಮೂತಿಯ ಬಳಿ ಕಿವಿಗೊಡಿ. ಡಬ್ಬಿಯೊಳಗೆ ಗೋಲಿ ಅಲುಗಿಸಿದಂಥ ಸದ್ದು ಕೇಳಿಸಿದರೆ, ಪುಲ್ಲಿಯನ್ನು ರೋಟರಿಗೆ ಜೋಡಿಸುವ ಕಪ್ಲರ್ ಸವೆದಿದೆ ಎಂದರ್ಥ. ಅದನ್ನು ಬದಲಿಸಬಹುದು, ಬೆಲೆಯಲ್ಲಿ ಇಳಿಸಿಕೊಳ್ಳಿ. ಅದಕ್ಕಿಂತ ಗಂಭೀರವಾದದ್ದು ಎಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲೆಂಟ್. ಸೂಪರ್‌ಚಾರ್ಜರಿನ ಕೆಳಗೆ, ಶಾಖವೆಲ್ಲ ಸೇರುವ ಜಾಗದಲ್ಲಿ ಪ್ಲಾಸ್ಟಿಕ್ ಕೊಳವೆಗಳಿವೆ. ವರ್ಷಗಳು ಕಳೆದಂತೆ ಅವು ಪೆಡಸಾಗಿ ಸೀಳುತ್ತವೆ, ಮತ್ತು ಕೂಲೆಂಟ್ ಸೋರಿಹೋದ ಅಲ್ಯೂಮಿನಿಯಂ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕೆಡಬಹುದು. ಟ್ಯಾಂಕಿನ ಮಟ್ಟ ನೋಡಿ, ಒಣಗಿದ ಕೂಲೆಂಟ್ ಕಲೆಗಳಿವೆಯೇ ಎಂದು ಟಾರ್ಚ್ ಹಿಡಿದು ಹುಡುಕಿ, ಕೊಳವೆ ಬದಲಿಸಿದ ರಸೀದಿ ಇದೆಯೇ ಎಂದು ಕೇಳಿ. ರಸೀದಿ ಇಲ್ಲದಿದ್ದರೆ ಆ ಕೆಲಸದ ವೆಚ್ಚವನ್ನು ಮೊದಲೇ ಕೈಯಲ್ಲಿ ಇಟ್ಟುಕೊಂಡು ಮಾತುಕತೆಗೆ ಕೂರಿ. ಕೊನೆಯದಾಗಿ, ಛಾವಣಿಯನ್ನು ಮೂರು ನಾಲ್ಕು ಸಲ ತೆರೆದು ಮುಚ್ಚಿಸಿ, ಹಿಂಬದಿಯ ಗಾಜಿನ ಅಂಚಿನಲ್ಲಿ ಬಟ್ಟೆ ಬಿಟ್ಟುಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ.