ಕಡಲ ಜಾಗಕ್ಕೆ ನಕ್ಷೆಯಲ್ಲಿ ಗುರುತು

ಪ್ರಶ್ನೆ: ನಾಡದೋಣಿ ಎಳೆದಿಡುವ, ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವ, ಮೀನು ಒಣಗಿಸುವ ನಮ್ಮ ಜಾಗವೆಲ್ಲ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯಲ್ಲಿ ಬರೀ ಮರಳು. ಸೇರಿಸುವುದು ಹೇಗೆ? ಮೀನು ಸಿಗುವ ಜಾಗ ಬರೆದುಕೊಟ್ಟರೆ ಬೇರೆಯವರು ಬಂದು ಬಾಚಿಕೊಳ್ಳುವುದಿಲ್ಲವೇ?
– ಓದುಗರು, ಕುಮಟಾ

ಉತ್ತರ: ಮೀನುಗಾರರ ಊರು, ಸಮುದಾಯದ ಜಾಗ, ಜೆಟ್ಟಿ, ಐಸ್ ಪ್ಲಾಂಟ್, ಮೀನು ಒಣಗಿಸುವ ಅಂಗಳ ಇವೆಲ್ಲ ನಕ್ಷೆಯಲ್ಲಿ ಇರಬೇಕೆಂದು 2011ರ ಸಿಆರ್‌ಝಡ್ ಅಧಿಸೂಚನೆಯೂ ಹೇಳುತ್ತದೆ, 2019ರದ್ದೂ ಹೇಳುತ್ತದೆ. ತೊಡಕಿರುವುದು ಅಳತೆಯಲ್ಲಿ. 1:25,000 ನಕ್ಷೆಯ ಒಂದು ಮಿಲಿಮೀಟರ್ ಎಂದರೆ ನೆಲದಲ್ಲಿ 25 ಮೀಟರ್. 20 ಮೀಟರ್ ಅಗಲದ ಅಂಗಳ ಅಲ್ಲಿ ಕಾಣುವುದೇ ಇಲ್ಲ. 1:4,000ರ ಗ್ರಾಮ ನಕ್ಷೆಯಲ್ಲಾದರೆ ಅದೇ ಅಂಗಳ 5 ಮಿಲಿಮೀಟರ್ ಬರುತ್ತದೆ. ಗುರುತು ಅಲ್ಲೇ, ಸರ್ವೆ ನಂಬರ್ ಸಮೇತ ಬೇಕೆಂದು ಕೇಳಿ.

ಮೊಬೈಲ್ ಹಿಡಿದು ಜಾಗದ ಅಂಚಿನಲ್ಲೇ ನಡೆದು ಪ್ರತಿ ತಿರುವಿನ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಒಣಗಿಸುವ ಅಂಗಳಕ್ಕೆ ಆ ಕೆಲಸ ಮಾಡುವ ಹೆಂಗಸರೇ ಜೊತೆಗಿರಬೇಕು. ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಅಳೆಯಿರಿ: ಮಳೆಗಾಲದಲ್ಲಿ ಕಡಲು ಮರಳು ತಿಂದಾಗ ದೋಣಿಗಳು ಮೇಲಕ್ಕೆ ಬರುತ್ತವೆ, ಆ ಹಿಂಬದಿಯ ಜಾಗವೇ ಸಾಮಾನ್ಯವಾಗಿ ಬಿಟ್ಟುಹೋಗುವುದು. ಕೈರಂಪಣಿಗೆ ಎರಡೂ ಹಗ್ಗ ದಡಕ್ಕೆ ಬರುವ ಜಾಗದ ಜೊತೆಗೆ ಬಲೆ ಸುತ್ತುವ ನೀರನ್ನೂ ಗುರುತಿಸಿ.

ಹೆಚ್ಚಿನ ನಕ್ಷೆಗಳು ಕೆಡುವುದು ಅಂಕಿ ಬರೆಯುವಲ್ಲಿ. ದೋಣಿಯ ಜಿಪಿಎಸ್ ಸಾಮಾನ್ಯವಾಗಿ 14 ಡಿಗ್ರಿ 25.500 ಮಿನಿಟ್ ಎಂದು ತೋರಿಸುತ್ತದೆ. ಮಿನಿಟನ್ನು 60ರಿಂದ ಭಾಗಿಸಿದರೆ ಮೊಬೈಲಿನ ಲೆಕ್ಕಕ್ಕೆ ಅದು 14.425. ಭಾಗಿಸದೆ 14.255 ಎಂದು ಬರೆದರೋ, ಕುಮಟಾ ಎದುರಿನ ಜಾಗ ಸುಮಾರು 19 ಕಿ.ಮೀ. ತೆಂಕಕ್ಕೆ, ಹೊನ್ನಾವರದ ಆಚೆ ಹೋಗಿ ಕೂರುತ್ತದೆ. ಇಂಥ ಒಂದು ತಪ್ಪು ಸಿಕ್ಕರೆ ಸಾಕು, ಇಡೀ ನಕ್ಷೆಯನ್ನು ಬದಿಗಿಡಲು ಕಾರಣ ಹುಡುಕುವವರಿಗೆ ಅದೇ ದೊಡ್ಡದು.

ಬೇರೆಯವರು ಬಂದು ಬಾಚಿಕೊಳ್ಳುತ್ತಾರೆಂಬ ನಿಮ್ಮ ಹೆದರಿಕೆ ನ್ಯಾಯವಾದದ್ದೇ. ಬಲೆ ಬಿಡುವ, ನೀರಿನಡಿಯ ಕಲ್ಲಿನ ನಿಖರ ಪಾಯಿಂಟ್ ಕೊಡಬೇಡಿ. ಒಂದೆರಡು ನಾಟಿಕಲ್ ಮೈಲಿ ಅಗಲದ ವಲಯ ಬರೆದು ಬಲೆಯ ಬಗೆ, ತಿಂಗಳು, ಎಷ್ಟು ಮಾರು ಆಳ ಎಂದಷ್ಟೇ ಹಾಕಿ. ಪಕ್ಕದೂರಿನವರೂ ಅಲ್ಲೇ ಹಿಡಿಯುತ್ತಿದ್ದರೆ ‘ಹಂಚಿಕೊಂಡ ನೀರು’ ಎಂದು ಇಬ್ಬರೂ ಸಹಿ ಮಾಡಿ. ಈಗ ಮುಚ್ಚಿಟ್ಟರೆ ಜಗಳ ಯಾವುದಾದರೂ ಯೋಜನೆಯ ಸಾರ್ವಜನಿಕ ವಿಚಾರಣೆಯ ದಿನವೇ ಹೊರಬರುತ್ತದೆ.

ಗುರುತು ಬಿದ್ದ ಮಾತ್ರಕ್ಕೆ ಜಾಗದ ಪಟ್ಟಾ ಸಿಗದು. ಅದು ಪುರಾವೆ ಅಷ್ಟೆ. ಪರಿಸರ ಅನುಮತಿಗೆ ಸಾರ್ವಜನಿಕ ವಿಚಾರಣೆ ಬೇಕಾದ ಯೋಜನೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಬರುತ್ತದೆ, ಅಷ್ಟರಲ್ಲಿ ಎರಡು ಋತುವಿನ ಅಳತೆ ಆಗದು. ಈಗಲೇ ಮುಗಿಸಿ, ಪಂಚಾಯಿತಿ ಠರಾವಿನೊಂದಿಗೆ ಜಿಲ್ಲಾಧಿಕಾರಿಗೂ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೂ ಸಲ್ಲಿಸಿ. ಸ್ವೀಕೃತಿ ಮೊಹರು ಬಿದ್ದ ಪ್ರತಿ ನಿಮ್ಮ ಬಳಿ ಇರಲಿ.