ಕುಕಿ ಮತ್ತು ರೋಲ್ (ಬನ್ನಿನಂಥ ಪುಟ್ಟ ಬ್ರೆಡ್) ಹಿಟ್ಟನ್ನು ಮೊದಲೇ ಕಲಸಿ ಫ್ರಿಜ್ಜಿನಲ್ಲೋ ಫ್ರೀಜರ್‌ನಲ್ಲೋ ಇಡಬಹುದೇ?

ಧಾರಾಳವಾಗಿ ಇಡಬಹುದು. ಆದರೆ ಎರಡೂ ಹಿಟ್ಟುಗಳ ಸ್ವಭಾವ ಬೇರೆ.

ಕುಕಿ ಹಿಟ್ಟು ಸಾಧು. ಫ್ರಿಜ್ಜಿನಲ್ಲಿ 3 ದಿನ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 3 ತಿಂಗಳು ಚೆನ್ನಾಗಿರುತ್ತದೆ. ಬೆಣ್ಣೆ ಗಟ್ಟಿಯಾಗುವುದರಿಂದ ಕುಕಿ ಓವನ್‌ನಲ್ಲಿ ಹರಡಿಕೊಳ್ಳುವುದೂ ಕಡಿಮೆ. ನಾನೊಮ್ಮೆ ಇಡೀ ಮುದ್ದೆಯನ್ನೇ ಫ್ರೀಜರ್‌ಗೆ ತಳ್ಳಿದ್ದೆ; ಕಲ್ಲಿನಂತಾದ ಅದನ್ನು ಕತ್ತರಿಸಲು ಹೋಗಿ ಚಾಕು ಮುರಿಯುವುದೊಂದು ಬಾಕಿಯಿತ್ತು. ಈಗ ಉಂಡೆ ಕಟ್ಟಿ, ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿಟ್ಟು, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ ಗಾಳಿ ಹೊರಹಾಕುತ್ತೇನೆ. ಕರಗಿಸುವ ಗೋಜಿಲ್ಲ, ನೇರವಾಗಿ ಓವನ್‌ಗಿಟ್ಟು ಒಂದೆರಡು ನಿಮಿಷ ಹೆಚ್ಚು ಬೇಯಿಸಿದರಾಯಿತು.

ರೋಲ್ ಹಿಟ್ಟನ್ನು ಉಬ್ಬಿಸುವ ಯೀಸ್ಟ್‌ಗೆ ಜೀವವಿದೆ. ಫ್ರಿಜ್ಜಿನ ಚಳಿಗೆ ಅದು ನಿಧಾನವಾಗುತ್ತದೆಯೇ ಹೊರತು ಸುಮ್ಮನಿರುವುದಿಲ್ಲ. ಪಾತ್ರೆ ದೊಡ್ಡದಿರಲಿ, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಮುಚ್ಚಳ ಎತ್ತಿಬಿಡುತ್ತದೆ; 2 ದಿನದೊಳಗೆ ಬಳಸಿ. ಫ್ರೀಜರ್‌ಗಾದರೆ ಒಮ್ಮೆ ಉಬ್ಬಿದ ಹಿಟ್ಟಿಗೆ ಆಕಾರ ಕೊಟ್ಟು, ಎರಡನೆಯ ಬಾರಿ ಉಬ್ಬುವ ಮುನ್ನವೇ ಇಡಿ. ಹೆಪ್ಪುಗಟ್ಟಿದಾಗ ಒಂದಿಷ್ಟು ಯೀಸ್ಟ್ ಸಾಯುವುದರಿಂದ ತಿಂಗಳು ದಾಟಿಸಬೇಡಿ. ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿ, ಬೆಳಿಗ್ಗೆ ಹೊರಗಿಟ್ಟು, ಗಾತ್ರ ಸುಮಾರು ಇಮ್ಮಡಿಯಾಗಲು ಬಿಡಿ. ಗಡಿಯಾರ ನೋಡಬೇಡಿ, ಹಿಟ್ಟನ್ನು ನೋಡಿ: ಬೆರಳಿನಿಂದ ಒತ್ತಿದ ಗುಳಿ ಮೆಲ್ಲಗೆ ಮೇಲೇಳುತ್ತಿದ್ದರೆ ಓವನ್‌ಗೆ ಇಡಬಹುದು.